ಭದ್ರಾ ರೋವರ್ಸ್ ಅಡಿಗಲ್ಲು

ಜಮ್ಶೀದ್ ಆ ಮೀಟಿಂಗಿನಲ್ಲಿ ಸುಮ್ಮನೆ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಇಪ್ಪತ್ತು ವರ್ಷ ಸ್ಕೂಟರ್ ರಿಪೇರಿ ಮಾಡಿದವನ ಕೈಗೆ ಮೊದಲ ಸಲ ಮೈಕು ಸಿಕ್ಕಿತ್ತು. ಸುಮ್ಮನಿರು ಅಂದರೆ ಎಲ್ಲಿಂದ ಇರ್ತಾನೆ ಪಾಪ.

ಭದ್ರಾವತಿಯ ಹಳೇ ಫುಟ್‌ಬಾಲ್ ಸ್ಟೇಡಿಯಂ ಹೊಸದಾಗಿ ಕಟ್ಟಿಸ್ತಾರಂತೆ ಅಂತ ಮೂರು ವರ್ಷದಿಂದ ಮಾತಿತ್ತು. ಈ ವರ್ಷ ನಿಜವಾಗಿಯೂ ಜೆಸಿಬಿ ಬಂತು. ಹೊಸ ಗ್ಯಾಲರಿ, ಲೈಟಿನ ಕಂಬ, ಗೇಟಿನ ಪಕ್ಕ ಒಂದು ಕ್ಲಬ್ ರೂಮು. ರೂಮು ಒಂದೇ, ಊರಲ್ಲಿ ಕ್ಲಬ್ಬು ಎರಡು. ಒಂದು ಜಮ್ಶೀದ್ ಕಾರ್ಯದರ್ಶಿಯಾಗಿರುವ ಭದ್ರಾ ರೋವರ್ಸ್, ಇನ್ನೊಂದು ಅದರ ಹುಟ್ಟುವೈರಿ ವಿಕ್ಟರಿ ಬಾಯ್ಸ್. ಶಿವಮೊಗ್ಗದಿಂದ ಮೀಟಿಂಗಿಗೆ ಬಂದಿದ್ದ ಎಂಜಿನಿಯರ್ ಪ್ರಿಯದರ್ಶಿನಿ ಮೇಡಂ, ಈ ಗ್ರೌಂಡಿನ ಜೊತೆ ಮೂವತ್ತು ವರ್ಷದ ನಂಟು ಯಾರಿಗಿದೆಯೋ ಅವರಿಗೇ ರೂಮು, ಬರೀ ಬಾಯಿಮಾತು ನಡೆಯಲ್ಲ ಅಂದರು.

ಜಮ್ಶೀದ್‌ಗೆ ಆ ರೂಮು ಬೇಕೇ ಬೇಕಿತ್ತು. ಕ್ಲಬ್ಬಿನ ಮಾನ ಒಂದು ಕಡೆಯಾದರೆ ಮನೆಯ ನೆಮ್ಮದಿ ಇನ್ನೊಂದು ಕಡೆ. ಗೋಲಿನ ಬಲೆ ಅವನ ಮಂಚದ ಕೆಳಗಿತ್ತು, ಬಾವುಟದ ಕೋಲುಗಳು ಅಡುಗೆಮನೆ ಬಾಗಿಲ ಹಿಂದೆ. ಭಾನುವಾರ ಬಂತೆಂದರೆ ಹನ್ನೊಂದು ಕೆಸರು ಜರ್ಸಿ ಹಿತ್ತಲಿಗೆ ಬಂದು ಬೀಳುತ್ತಿದ್ದವು. ಈ ಮನೇಲಿ ಕ್ಲಬ್ಬು ಇರಬೇಕು ಇಲ್ಲ ನಾನಿರಬೇಕು ಅಂತ ಹೆಂಡತಿ ಶಿರೀನ್ ಯುಗಾದಿಯಿಂದಲೂ ಹೇಳುತ್ತಿದ್ದಳು.

ಹಾಗಾಗಿ ಎದ್ದು ನಿಂತು ಮೈಕು ಹಿಡಿದ. "ಸ್ಟೇಡಿಯಂ ಅಡಿಗಲ್ಲೇ ನಮ್ಮನೇಲಿದೆ ಮೇಡಂ. ಅದರ ಮೇಲೆ ನಮ್ಮ ಕ್ಲಬ್ಬಿನ ಹೆಸರೇ ಕೆತ್ತಿದೆ."

ಕ್ಲಬ್ಬಿನ ಹಳೇ ಕ್ಯಾಪ್ಟನ್ ರಂಗಪ್ಪನವರು ಹಿಂದಿನಿಂದ ಅವನ ಅಂಗಿ ಜಗ್ಗಿದರು. ಎಂಬತ್ತರ ಮುದುಕರು ತನ್ನನ್ನು ಹುರಿದುಂಬಿಸುತ್ತಿದ್ದಾರೆ ಅಂದುಕೊಂಡು ಜಮ್ಶೀದ್ ಅದನ್ನೇ ಇನ್ನೊಂದು ಸಲ ಜೋರಾಗಿ ಹೇಳಿದ. ಹಾಗಾದರೆ ನಾಳೆ ನಾಲ್ಕು ಗಂಟೆಯೊಳಗೆ ಶಿವಮೊಗ್ಗದ ಆಫೀಸಿಗೆ ತನ್ನಿ, ಇಲ್ಲದಿದ್ದರೆ ಚೀಟಿ ಎತ್ತುತ್ತೇವೆ ಅಂತ ಹೇಳಿ ಮೇಡಂ ಬರೆದುಕೊಂಡರು.

ಆ ಕಲ್ಲನ್ನು ಜಮ್ಶೀದ್ ಕಣ್ಣಲ್ಲಿ ಕಂಡವನೇ ಅಲ್ಲ. ಗಾಳಿಮಳೆಗೆ ಹಳೇ ಗ್ಯಾಲರಿ ಗೋಡೆ ಬಿದ್ದು ಕಲ್ಲು ಕಾಣೆಯಾದಾಗ ಅವನಿನ್ನೂ ತೊಟ್ಟಿಲಲ್ಲಿದ್ದ. ಅವನಪ್ಪ ಬಾಬು ಸಾಬ್, ರೋವರ್ಸ್‌ನ ಗೋಲ್‌ಕೀಪರು, ಅಡಿಗಲ್ಲು ಎಲ್ಲೂ ಹೋಗಿಲ್ಲ, ನಮ್ಮನೇಲೇ ಇದೆ ಅಂತ ಆಗಾಗ ನಗುತ್ತಾ ಹೇಳೋರು. ಎಲ್ಲಿದೆ ಅಂತ ಹೇಳದೆಯೇ ತೀರಿಕೊಂಡರು.

ಮಾರನೇ ದಿನ ಬೆಳಿಗ್ಗೆ ಎಂಟಕ್ಕೇ ಹಿತ್ತಲಲ್ಲಿ ಹಾರೆ ಬಿತ್ತು. ಪಕ್ಕದ ಮನೆ ಪ್ರೇಮಮ್ಮ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತು, ಕೋಳಿಗೂಡಿನ ಕೆಳಗೆ ನೋಡು ಅಂದರು. ಕೋಳಿಗೂಡು ಕಿತ್ತದ್ದಾಯಿತು. ಹಂಗಿದ್ರೆ ನುಗ್ಗೆಮರದ ಬುಡ ನೋಡು ಅಂದರು. ಮರದ ಬುಡದಲ್ಲಿ ಸಿಕ್ಕಿದ್ದು ನಲ್ಲಿಯ ಪೈಪು, ಅದೂ ಹಾರೆಯ ಏಟು ತಿಂದ ಮೇಲೆ. ನೀರು ಚಿಮ್ಮಿ ಪ್ರೇಮಮ್ಮನ ಹಪ್ಪಳದ ಮೇಲೆ ಬಿತ್ತು. ಆಮೇಲೆ ಅವರು ಹೇಳಿದ್ದನ್ನೆಲ್ಲ ಇಲ್ಲಿ ಬರೆಯೋದು ಬೇಡ.

ರಂಗಪ್ಪನವರೂ ಬಂದಿದ್ದರು. ಆದರೆ ಹಾರೆಗೆ ಕೈ ಹಚ್ಚದೆ, ಹೋದ ಕಲ್ಲು ಹೋಯ್ತು ಬಿಡೋ ಮಾರಾಯ, ಚೀಟಿಯಲ್ಲೇ ನಮ್ಮ ಹೆಸರು ಬರಬಹುದು ಅಂತ ಒಂದೇ ರಾಗ ಹಾಡುತ್ತಿದ್ದರು. ಬೆವರು ಯಾಕೆ ಇಳೀತಿದೆ ಅಂತ ಕೇಳಿದ್ದಕ್ಕೆ ಬಿಪಿ ಅಂದರು.

ಇಷ್ಟೆಲ್ಲ ನಡೆಯುವಾಗ ಜಮ್ಶೀದನ ತಾಯಿ ಅಖ್ತರ್ ಬೀ ಯಾರ ಗೊಡವೆಗೂ ಹೋಗದೆ ಬಟ್ಟೆ ಒಗೆಯುತ್ತಿದ್ದರು. ನೀರು ಹರಿದು ಬಂದು ಒಗೆಯೋ ಕಲ್ಲಿನ ಸುತ್ತ ನಿಂತಿತು. ಹಳೇ ಸಿಮೆಂಟು ಸಡಿಲಾಗಿ ಒಂದು ಚಕ್ಕೆ ಕಳಚಿಕೊಂಡಿತು. ಕಳಚಿದ ಜಾಗದಲ್ಲಿ, ಕಲ್ಲಿನ ಅಂಚಿಗೆ, ಚೆಂದದ ಬಳ್ಳಿಯ ಕೆತ್ತನೆ. ಬಳ್ಳಿಯ ಪಕ್ಕ ಇಸವಿಯ ಮೊದಲೆರಡು ಅಂಕಿ, '19'.

ಜಮ್ಶೀದನ ಕೈಯಿಂದ ಹಾರೆ ಜಾರಿತು. ಹುಟ್ಟಿದಾಗಿನಿಂದ ಅವನ ಚಡ್ಡಿ ಒಗೆದಿದ್ದು ಈ ಸ್ಟೇಡಿಯಮ್ಮಿನ ಅಡಿಗಲ್ಲಿನ ಮೇಲೆ. ಖುಷಿಯಿಂದ ಕಲ್ಲಿನ ಮೇಲೆಲ್ಲ ಕೈಯಾಡಿಸಿದ. ಆಮೇಲೆ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ. ಒಂದಕ್ಷರ ಇರಲಿಲ್ಲ. ಕಲ್ಲು ರಂಗಪ್ಪನವರ ತಲೆಯಷ್ಟೇ ನುಣ್ಣಗಿತ್ತು.

ಆದರೂ ತರುತ್ತೇನೆ ಅಂತ ಹೇಳಿಯಾಗಿತ್ತು. ಲಗೇಜ್ ಆಟೊ ಕರೆಸಿ, ಬೀದಿಯ ನಾಲ್ಕು ಜನ ಸೇರಿ ಕಲ್ಲು ಹತ್ತಿಸಿದರು. ಅಖ್ತರ್ ಬೀ ತಮ್ಮ ಕಲ್ಲನ್ನು ಒಂಟಿಯಾಗಿ ಕಳಿಸಲು ಒಪ್ಪಲಿಲ್ಲ. ಬುರ್ಖಾ ಹಾಕಿಕೊಂಡು ಬಂದು ಅದರ ಮೇಲೆಯೇ ಕೂತರು. ಅವರು ಹೊರಟಿದ್ದು ನೋಡಿ ರಂಗಪ್ಪನವರೂ ಬಿಪಿ ಸಮೇತ ಹತ್ತಿದರು. ಶಿವಮೊಗ್ಗದವರೆಗೂ ಪ್ರತಿ ರೋಡ್ ಹಂಪಿನಲ್ಲೂ ಜಮ್ಶೀದ್ ಕಲ್ಲು ಹಿಡಿದುಕೊಂಡ, ಅಖ್ತರ್ ಬೀ ಜಮ್ಶೀದನನ್ನು ಹಿಡಿದುಕೊಂಡರು.

ಮೂರೂ ಮುಕ್ಕಾಲಿಗೆ ಆಫೀಸಿನ ವರಾಂಡದಲ್ಲಿ ಕಲ್ಲು ಇಳಿಯಿತು. ಪ್ರಿಯದರ್ಶಿನಿ ಮೇಡಂ ಅಂಚಿನ ಬಳ್ಳಿ ನೋಡಿದರು, ಫೈಲಿನಿಂದ ಸ್ಟೇಡಿಯಮ್ಮಿನ ಹಳೇ ಫೋಟೊ ತೆಗೆದು ಅದರ ಜೊತೆ ಹೋಲಿಸಿದರು. ಫೋಟೊದಲ್ಲಿ ಬಳ್ಳಿ ಕಾಣುತ್ತಿತ್ತು, ಅಕ್ಷರ ಮಸುಕಾಗಿತ್ತು. ಕಲ್ಲು ಅದೇ, ಸಂಶಯವಿಲ್ಲ, ಆದರೆ ಬರಹ ಎಲ್ಲಿ ಅಂತ ಕೇಳಿದರು. ಜಮ್ಶೀದ್ ಬಿಸಿಲು ಅಂದ, ಮಳೆ ಅಂದ, ಹವಾಮಾನ ಬದಲಾವಣೆ ಅಂತಲೂ ಅಂದ.

ಅಖ್ತರ್ ಬೀ ಮಗನನ್ನು ಪಕ್ಕಕ್ಕೆ ಸರಿಸಿದರು.

"ನಾನು ಒಗೆದಿದ್ದಕ್ಕೇ ಹೋಯ್ತಮ್ಮಾ. ಮೊದಲು ಇವನಪ್ಪನ ಕಾಲದ ಜರ್ಸಿ, ಈಗ ಇವನ ಹುಡುಗರದ್ದು. ಮೂವತ್ತೆಂಟು ವರ್ಷ, ಪ್ರತಿ ಭಾನುವಾರ, ಹನ್ನೊಂದು ಜರ್ಸಿ. ಆ ಗ್ರೌಂಡಿನ ಕೆಸರು ಸುಮ್ನೆ ಹೋಗಲ್ಲ, ಬಡೀಬೇಕು. ಕಲ್ಲಾದ್ರೂ ಎಷ್ಟು ತಡ್ಕೊಳುತ್ತೆ?"

ಮೇಡಂ ಕಲ್ಲಿನ ಮೇಲೆ ಕೈಯಿಟ್ಟು ಸವರಿ ನೋಡಿದರು. ಕಲ್ಲಿನ ನಡುವೆ ಅಂಗೈಯಷ್ಟು ತಗ್ಗು ಬಿದ್ದಿತ್ತು. ಇಷ್ಟು ವರ್ಷದ ಸರ್ವಿಸ್ಸಿನಲ್ಲಿ ಇಂಥ ಸಾಕ್ಷಿ ನೋಡಿಲ್ಲ, ಹೆಸರು ಯಾರು ಬೇಕಾದರೂ ಕೆತ್ತಿಸಬಹುದು, ಇಷ್ಟು ಸವೆಸೋದಕ್ಕೆ ಆಡಲೇಬೇಕು ಅಂದರು. ರೂಮು ಭದ್ರಾ ರೋವರ್ಸ್‌ಗೆ, ಕಲ್ಲು ಸ್ಟೇಡಿಯಮ್ಮಿನ ಗೇಟಿಗೆ, ಗಾಜಿನ ಪೆಟ್ಟಿಗೆಯೊಳಗೆ. ಸರ್ಕಾರಿ ಕಾಗದ ಅಲ್ಲೇ ಟೈಪಾಗಿ, ಅಲ್ಲೇ ಸೀಲು ಬಿದ್ದು, ಅಲ್ಲೇ ಕೈಗೆ ಬಂತು. ಜಮ್ಶೀದ್ ಅದನ್ನು ಕಣ್ಣಿಗೊತ್ತಿಕೊಂಡ. ಜನ್ಮದಲ್ಲಿ ಅಷ್ಟು ಹಗುರಾಗಿ ಉಸಿರು ಬಿಟ್ಟಿರಲಿಲ್ಲ.

ವಾಪಸ್ ಬರುವಾಗ ಆಟೊನೂ ಹಗುರ, ಮನಸ್ಸೂ ಹಗುರ. ಜಮ್ಶೀದ್‌ಗೆ ಕನ್ನಡಕ ಇಲ್ಲದೆ ಕಾಗದದ ಅಕ್ಷರ ಕಾಣಲಿಲ್ಲ. ಅಖ್ತರ್ ಬೀ ಅದನ್ನು ಕಿತ್ತುಕೊಂಡು ಮೊದಲನೇ ಸಾಲಿನಿಂದ ಸರಾಗವಾಗಿ ಓದತೊಡಗಿದರು. ಜಮ್ಶೀದ್ ಬೆಪ್ಪಾದ.

"ಅಮ್ಮೀ, ನಿಂಗೆ ಕನ್ನಡ ಓದಕ್ಕೆ ಬರುತ್ತಾ?"

"ನಾಲ್ಕನೇ ಕ್ಲಾಸ್ ಪಾಸು ನಾನು. ಯಾರು ಕೇಳಿದ್ರಿ ಇಷ್ಟು ದಿನ?"

ರಂಗಪ್ಪನವರು ನೆಟ್ಟಗೆ ಕೂತರು. "ಅಖ್ತರಮ್ಮಾ, ಹಂಗಾದ್ರೆ ಆ ಕಲ್ಲಿನ ಮೇಲಿದ್ದಿದ್ದು..."

"ವಿಕ್ಟರಿ ಬಾಯ್ಸ್ ಅಂತಿತ್ತು ರಂಗಣ್ಣ. ಕಾರ್ಖಾನೆ ಶಿಫ್ಟು ಮುಗಿಸಿ ಬಂದು ಕಲ್ಲು ಹೊತ್ತು ಗ್ಯಾಲರಿ ಕಟ್ಟಿದ್ದು ನೀವು, ಹೆಸರು ಕೆತ್ತಿಸ್ಕೊಂಡಿದ್ದು ಅವರು. ಗೋಡೆ ಬಿದ್ದಾಗ ನೀವೂ ಇವನಪ್ಪನೂ ಸೇರಿ ಅದನ್ನ ತಂದು ಅಕ್ಷರ ಕೆಳಗೆ ಮಾಡಿ ಬಚ್ಚಿಟ್ರಿ. ಇವತ್ತಲ್ಲ ನಾಳೆ ಯಾರಾದ್ರೂ ಮಗುಚಿದ್ರೆ ಏನು ಗತಿ? ಅದಕ್ಕೇ ನಾನು ಅಕ್ಷರ ಮೇಲೆ ಮಾಡಿ ಒಗೆಯೋಕೆ ಹಾಕಿಸ್ದೆ."

ರಂಗಪ್ಪನವರ ಬಿಪಿ ಅಲ್ಲೇ ಇಳಿಯಿತು. ಎರಡು ದಿನದಿಂದ ಪ್ರಾಣ ಕೈಯಲ್ಲಿ ಹಿಡಿದುಕೊಂಡಿದ್ದೆ ಕಣಮ್ಮಾ ಅಂತ ಕಣ್ಣು ಒರೆಸಿಕೊಂಡು ನಕ್ಕರು. ಜಮ್ಶೀದನೂ ನಕ್ಕ. ನಾಳೆಯೇ ಬಲೆ, ಬಾವುಟ, ಜರ್ಸಿ ಎಲ್ಲ ರೂಮಿಗೆ ಸಾಗಿಸಿ ಶಿರೀನ್ ಕೈಲಿ ಬಿರಿಯಾನಿ ಮಾಡಿಸಿಕೊಳ್ಳಬೇಕು ಅಂದುಕೊಂಡ.

"ಇರು, ಏಳನೇ ಷರತ್ತು ಓದಿಲ್ಲ," ಅಂದರು ಅಖ್ತರ್ ಬೀ. "'ಕ್ಲಬ್ಬಿನ ಪರಂಪರೆಯ ದೃಷ್ಟಿಯಿಂದ, ಜರ್ಸಿಗಳನ್ನು ಕಾರ್ಯದರ್ಶಿಯವರ ಮನೆಯಲ್ಲಿ ಕೈಯಿಂದಲೇ ಒಗೆಯುವ ಪದ್ಧತಿಯನ್ನು ಮುಂದುವರಿಸತಕ್ಕದ್ದು. ತಪ್ಪಿದಲ್ಲಿ ಹಂಚಿಕೆ ರದ್ದು.'"

ಆಟೊ ಭದ್ರಾವತಿಗೆ ಬಂತು. ಅಖ್ತರ್ ಬೀ ಕಾಗದ ಮಡಚಿ ಮಗನ ಜೇಬಿಗಿಟ್ಟು, ಎರಡು ಸಲ ತಟ್ಟಿದರು.

"ನನ್ನ ಕೆಲಸ ಅಕ್ಷರ ಅಳಿಸೋದಿತ್ತು ಬೇಟಾ, ಮುಗೀತು. ಭಾನುವಾರದೊಳಗೆ ನಿಂಗೊಂದು ಕಲ್ಲು ನೋಡ್ಕೋ."