ಬೀಳುವ ಆಟಕ್ಕೊಬ್ಬ ವಿಮರ್ಶಕ

ವಿಮರ್ಶಕರಿಗೆ ಬಂದ ಸಂಕಟ ಶತ್ರುವಿಗೂ ಬೇಡ. (ಅವರಿಗೆ ಶತ್ರುಗಳೇನೂ ಕಡಿಮೆ ಇರಲಿಲ್ಲ.) ನಾಟಕವಾಗಲಿ, ನೃತ್ಯವಾಗಲಿ, ಪತ್ರಿಕೆಯ ಅರ್ಧ ಪುಟದಲ್ಲಿ ಅದನ್ನು ನೆಲಕ್ಕೆ ಮಲಗಿಸಿ, ಮೇಲೊಂದು ಸುಭಾಷಿತ ಹೊದಿಸಿ ಬರುತ್ತಿದ್ದ ಆಸಾಮಿ ಅವರು. ಅವರ ಲೇಖನ ಓದಿ ಒಬ್ಬ ನಟ ರಂಗಭೂಮಿಯನ್ನೇ ಬಿಟ್ಟು ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ. ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂಬುದನ್ನೂ ಅವರು ಕಲಾಸೇವೆಯ ಲೆಕ್ಕಕ್ಕೇ ಸೇರಿಸಿಕೊಂಡಿದ್ದರು. ಅಂಥವರ ಮನೆಗೆ ಸಂಪಾದಕರು ಒಂದು ವಿಡಿಯೋ ಗೇಮ್ ಕಳಿಸಿಬಿಟ್ಟಿದ್ದರು.

"ನಾಟಕದ ಪುಟ ಯಾರೂ ಓದ್ತಿಲ್ಲ ಸಾರ್," ಎಂದಿದ್ದರು ಸಂಪಾದಕರು ಫೋನಿನಲ್ಲಿ, ಬಹಳ ಮೆತ್ತಗೆ. "ಇದರ ಬಗ್ಗೆ ಬರ್ಕೊಡಿ, ಪುಟ ಉಳಿಯುತ್ತೆ. ಇಲ್ಲಾಂದ್ರೆ ಆ ಜಾಗಕ್ಕೆ ಟೈರಿನ ಜಾಹೀರಾತು ಬರುತ್ತೆ."

ಟೈರಿಗೆ ಜಾಗ ಬಿಟ್ಟುಕೊಡುವ ಜಾಯಮಾನ ವಿಮರ್ಶಕರದಲ್ಲ. ಪೆಟ್ಟಿಗೆ ಬಿಚ್ಚಿದರು. ಒಳಗೆ ಆಟವಿತ್ತು, ಆಡುವ ಯಂತ್ರವಿತ್ತು, ಹೆಬ್ಬೆರಳಿನಿಂದ ತಿರುಗಿಸುವ ಎರಡು ಪುಟ್ಟ ಕಡ್ಡಿಗಳಿದ್ದ ಹಿಡಿಕೆಯಿತ್ತು, ಜೊತೆಗೆ ಕಾಣಿಕೆಯಾಗಿ ನಾಲ್ಕು ಚಕ್ರದ ನಿಜವಾದ ಸ್ಕೇಟ್‌ಬೋರ್ಡೂ ಇತ್ತು. "ಇದು ಲಂಚ," ಎಂದು ಬೋರ್ಡನ್ನು ಚಪ್ಪಲಿ ಸ್ಟ್ಯಾಂಡಿನ ಪಕ್ಕಕ್ಕೆ ಸರಿಸಿ, ಟೀವಿಯ ಮುಂದೆ ಸಿಂಹಾಸನಾರೂಢರಾದರು.

ಟೀವಿಯಲ್ಲಿ ಕೆಂಪು ಟೋಪಿಯ ಹುಡುಗನೊಬ್ಬ ಬೋರ್ಡಿನ ಮೇಲೆ ನಿಂತಿದ್ದ. ಅವನನ್ನು ಬೀದಿಯಲ್ಲಿ ಓಡಿಸಬೇಕು, ಮೆಟ್ಟಿಲು ಹಾರಿಸಬೇಕು, ಕಂಬಿಯ ಮೇಲೆ ಜಾರಿಸಬೇಕು. ಬೇರೆ ಆಟಗಳಲ್ಲಿ ಒಂದು ಗುಂಡಿ ಒತ್ತಿದರೆ ಕೆಲಸ ಮುಗಿಯುತ್ತದಂತೆ. ಇದರಲ್ಲಿ ಎಲ್ಲವೂ ನಿಜದ ಹಾಗೇ ಇರಬೇಕೆಂದು ಹುಡುಗನ ಎಡಗಾಲನ್ನು ಆಡುವವರ ಎಡ ಹೆಬ್ಬೆರಳಿಗೂ, ಬಲಗಾಲನ್ನು ಬಲ ಹೆಬ್ಬೆರಳಿಗೂ ಒಪ್ಪಿಸಿದ್ದರು. ವಿಮರ್ಶಕರ ಹೆಬ್ಬೆರಳುಗಳಾದರೋ ಅಷ್ಟು ವರ್ಷ ಗಲ್ಲಕ್ಕೆ ಆನಿಸಿಕೊಂಡು ಯೋಚಿಸುವುದನ್ನು ಬಿಟ್ಟರೆ ಬೇರೆ ಕೆಲಸ ಕಂಡವಲ್ಲ. ಚಕ್ರದ ಮೇಲೆ ನಿಂತವನನ್ನು ಚಕ್ರವರ್ತಿ ಎನ್ನಬಹುದಾದರೆ, ಆ ಚಕ್ರವರ್ತಿಯ ಆಳ್ವಿಕೆ ರೆಪ್ಪೆ ಬಡಿಯುವುದರೊಳಗೆ ಮುಗಿಯಿತು. ಹುಡುಗ ಬಿದ್ದ. ಎದ್ದ. ಪ್ಯಾಂಟು ಕೊಡವಿಕೊಂಡ. ಮತ್ತೆ ಬಿದ್ದ.

ಸೋಫಾದಲ್ಲಿ ವಿಮರ್ಶಕರ ಅತ್ತೆ ಕೂತಿದ್ದರು. ಅದು ಅವರ ಧಾರಾವಾಹಿಯ ಹೊತ್ತು. ಟೀವಿ ಅಳಿಯನ ವಶವಾಗಿದ್ದರಿಂದ ಬಂದದ್ದನ್ನೇ ನೋಡುತ್ತಿದ್ದರು.

"ಪಾಪ, ಆ ಹುಡುಗನ್ನ ಸ್ವಲ್ಪ ಹೊತ್ತು ಕೂತ್ಕೊಳ್ಳೋಕೆ ಬಿಡಿ ಅಳಿಯಂದಿರೇ," ಎಂದರು.

"ಅವನು ನಿಜವಾದ ಹುಡುಗ ಅಲ್ಲ ಅತ್ತೆ."

"ಆದ್ರೇನಂತೆ, ಬೀಳಿಸ್ತಿರೋರು ನಿಜವಾದೋರೇ ಅಲ್ವಾ?"

ಸಂಜೆ ಹೆಂಡತಿ ಕ್ಲಿನಿಕ್ಕಿನಿಂದ ಬಂದಳು. ಆಕೆ ಫಿಸಿಯೋಥೆರಪಿಸ್ಟ್. ಮುರಿದು ಕೂಡಿದ ಕೈಕಾಲುಗಳಿಗೆ ಮತ್ತೆ ನಡೆನುಡಿ ಕಲಿಸುವುದು ಆಕೆಯ ಉದ್ಯೋಗ. ಬ್ಯಾಗು ಇಳಿಸದೆ ನಿಂತೇ ಸ್ವಲ್ಪ ಹೊತ್ತು ನೋಡಿ, "ಅಬ್ಬ, ಎಷ್ಟು ಚೆನ್ನಾಗಿ ಮಾಡಿದಾರೆ," ಎಂದಳು.

"ಇದರಲ್ಲಿ ಚೆನ್ನಾಗಿರೋದೇನು?" ಎಂದರು ವಿಮರ್ಶಕರು. "ವಾಸ್ತವದ ಗಂಧವೇ ಇಲ್ಲ. ಯಾವ ಮನುಷ್ಯ ಹೀಗೆ ಬೀಳ್ತಾನೆ? ಕಾಲು ಮುಂದೆ, ಸೊಂಟ ಹಿಂದೆ, ಕೈ ಇನ್ನೆಲ್ಲೋ. ಬೀಳೋದಕ್ಕೂ ಒಂದು ಲಯ ಇರುತ್ತೆ. ನಾಳೆ ಇದನ್ನೇ ಬರೀತೀನಿ."

"ರೀ, ನನ್ನ ಹತ್ರ ಬರೋರೆಲ್ಲ ಹೀಗೇ ಬಿದ್ದಿರ್ತಾರೆ. ಅಂಗೈ ಊರಿ, ಮಣಿಕಟ್ಟು ಮಡಚಿ."

"ನೀನು ನೋಡೋದು ಬಿದ್ದ ಮೇಲೆ. ಬೀಳೋವಾಗ ನೋಡಿದೀಯಾ?"

ಆಕೆ ಇಲ್ಲವೆಂದು ಒಪ್ಪಿಕೊಂಡಳು. ಅಲ್ಲಿಗೆ ಬಿಟ್ಟಿದ್ದರೆ ಗೆಲುವು ವಿಮರ್ಶಕರದೇ ಆಗಿತ್ತು. ಆದರೆ ಗೆದ್ದ ಮೇಲೂ ಇನ್ನೊಂದು ಪ್ಯಾರಾ ಬರೆಯುವ ಚಟ ಅವರದು. ಮನುಷ್ಯ ಸಮತೋಲ ತಪ್ಪಿದಾಗ ಹೇಗೆ ನಯವಾಗಿ ಒಂದು ಬದಿಗೆ ವಾಲುತ್ತಾನೆಂದು ತೋರಿಸುತ್ತೇನೆ, ಬಾ ಎಂದು ಪಂಚೆ ಎತ್ತಿ ಕಟ್ಟಿ, ಲಂಚದ ಬೋರ್ಡನ್ನು ನಡುಮನೆಗೆ ಎಳೆದು ತಂದರು.

"ಬೇಡಾ ರೀ," ಎಂದಳು ಹೆಂಡತಿ.

"ಅಧ್ಯಯನ," ಎಂದು ಒಂದು ಕಾಲಿಟ್ಟರು. ಎರಡನೆಯದನ್ನೂ ಇಟ್ಟರು. ಹಾಗೆ ನಿಂತಾಗ ಅವರ ಮುಖದಲ್ಲಿ ನಿಜಕ್ಕೂ ಒಂದು ತೇಜಸ್ಸಿತ್ತು ಎಂದು ಅತ್ತೆ ಆಮೇಲೂ ಹೇಳುತ್ತಿದ್ದರು. ಅಷ್ಟರಲ್ಲಿ ಬೋರ್ಡು ಅಡುಗೆಮನೆಯ ಕಡೆ ಹೊರಟುಹೋಯಿತು, ಕಾಲುಗಳು ಅದರ ಹಿಂದೆ ಹೋದವು. ಸೊಂಟ ಇದ್ದಲ್ಲೇ ಉಳಿಯಿತು. ಬಲಗೈ ನೆಲವನ್ನು ಹುಡುಕಿಕೊಂಡು ಎಲ್ಲರಿಗಿಂತ ಮುಂಚೆ ತಲುಪಿತು. ಅಂಗೈ ಊರಿ, ಮಣಿಕಟ್ಟು ಮಡಚಿ.

ಹೆಂಡತಿ ಪಕ್ಕದಲ್ಲಿ ಮಂಡಿಯೂರಿ ಕೂತು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ಈಗ ನೋಡಿದೆ," ಎಂದಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಬಲಗೈಗೆ ಪ್ಲಾಸ್ಟರ್ ಬಿದ್ದಿತ್ತು. ಬರೆಯುವ ಕೈಯೇ ಕೈಕೊಟ್ಟಿದ್ದರಿಂದ ವಿಮರ್ಶಕರು ಮಂಚದಲ್ಲಿ ಒರಗಿ ಹೇಳುತ್ತ ಹೋದರು, ರಜೆ ಹಾಕಿದ್ದ ಹೆಂಡತಿ ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡಳು. ಸಮಕಾಲೀನ ಅಭಿರುಚಿಯ ಅಧಃಪತನದಿಂದ ಲೇಖನ ಭರ್ಜರಿಯಾಗಿಯೇ ಶುರುವಾಯಿತು.

"ಮುಂದಿನ ಪ್ಯಾರಾ. ಈ ಆಟದಲ್ಲಿ ಬೀಳುವ ಭಂಗಿಗಳು ಕೃತಕವಾಗಿದ್ದು..."

ಕೀಲಿಗಳ ಸದ್ದು ನಿಂತಿತು. ಹೆಂಡತಿ ಪ್ಲಾಸ್ಟರನ್ನು ನೋಡಿದಳು, ಗಂಡನ ಮುಖ ನೋಡಿದಳು. "ಬರೀಲಾ?" ಎಂದು ಕೇಳಿದಳು, ಯಾವ ಕುಹಕವೂ ಇಲ್ಲದೆ.

"ಬೇಡ ಬಿಡು," ಎಂದರು ವಿಮರ್ಶಕರು. ಬೇರೆ ಯಾವ ಆಕ್ಷೇಪಣೆ ಎತ್ತೋಣ ಎಂದು ಯೋಚಿಸುತ್ತಿರುವಾಗಲೇ ನೋವಿನ ಮಾತ್ರೆ ಕೆಲಸ ಮಾಡಿ, ಬಾಯಿ ತೆರೆದುಕೊಂಡು ನಿದ್ದೆ ಹೋದರು.

ಫೋನಿನ ಸದ್ದಿಗೆ ಎಚ್ಚರವಾದಾಗ ಬಿಸಿಲು ಇಳಿದಿತ್ತು. ಸಂಪಾದಕರ ಕರೆ. ವಿಮರ್ಶಕರಿಗೆ ಮೊದಲು ನೆನಪಾದದ್ದು ಟೈರು. ಹೆಂಡತಿ ಫೋನನ್ನು ಅವರ ಎಡಗೈಗಿಟ್ಟು, "ಹೊತ್ತಾಗ್ತಿತ್ತು, ಮುಗಿಸಿ ಕಳಿಸಿದೆ. ಅಮ್ಮಾನೂ ಸ್ವಲ್ಪ ಹೇಳಿದ್ರು," ಎಂದು ಪಿಸುಗುಟ್ಟಿ, ಕಾಫಿ ತರಲು ಎದ್ದುಹೋದಳು.

"ಸಾರ್, ಇಷ್ಟು ವರ್ಷದಲ್ಲಿ ನಿಮ್ಮ ಇಂಥ ಬರಹ ನಾನು ಓದೇ ಇಲ್ಲ," ಎಂದರು ಸಂಪಾದಕರು. "ಪುಟ ನಿಮ್ಮದೇ, ಟೈರಿನೋರಿಗೆ ಹಿಂದಿನ ಪುಟ ಕೊಟ್ಟೆ. ಆ ಕೊನೆ ಪ್ಯಾರಾ ಅಂತೂ ಆಫೀಸಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕೇಳಿ. 'ಈ ಹುಡುಗ ಎಷ್ಟು ಸಲ ಬಿದ್ದರೂ ಬೋರ್ಡನ್ನು ಬಯ್ಯುವುದಿಲ್ಲ, ನೆಲವನ್ನು ಬಯ್ಯುವುದಿಲ್ಲ. ಎದ್ದು ಪ್ಯಾಂಟು ಕೊಡವಿಕೊಳ್ಳುತ್ತಾನೆ. ಮನೆಯಲ್ಲಿ ಇಂಥವನೊಬ್ಬ ಇದ್ದರೆ ಎಷ್ಟು ಚೆನ್ನ ಅನ್ನಿಸುತ್ತದೆ.' ಆಹಾ. ನೀವು ಇಷ್ಟು ಮೆತ್ತಗಿನ ಮನುಷ್ಯರು ಅಂತ ಗೊತ್ತೇ ಇರಲಿಲ್ಲ ಸಾರ್."

ವಿಮರ್ಶಕರು ಬಾಗಿಲಿನಾಚೆ ನೋಡಿದರು. ನಡುಮನೆಯಲ್ಲಿ ಅತ್ತೆ ಕನ್ನಡಕ ಏರಿಸಿಕೊಂಡು, ಎರಡು ಹೆಬ್ಬೆರಳನ್ನೂ ಜೋಪಾನವಾಗಿ ಆಡಿಸುತ್ತ, ಕೆಂಪು ಟೋಪಿಯ ಹುಡುಗನನ್ನು ನೆರಳಿರುವ ಕಡೆಯೇ ನಿಧಾನವಾಗಿ ಕರೆದುಕೊಂಡು ಹೋಗುತ್ತಿದ್ದರು. ಅವನು ಬೀಳುತ್ತಿರಲಿಲ್ಲ.

ನಿಜ ಹೇಳಿದರೆ ಪುಟ ಹೋಗುತ್ತದೆ, ಹೇಳದಿದ್ದರೆ ಮಾನ. ವಿಮರ್ಶಕರು ಗಂಟಲು ಸರಿಮಾಡಿಕೊಂಡರು.

"ಏನೋ ಸಾರ್," ಎಂದರು ವಿನಯದಿಂದ. "ಮನಸ್ಸಿಗೆ ಬಂದದ್ದನ್ನ ಹಾಗೇ ಬರೆದೆ."

ಅತ್ತೆ ಟೀವಿಯಿಂದ ಕಣ್ಣು ತೆಗೆಯದೆ ಕೇಳಿದರು:

"ಯಾರ ಮನಸ್ಸಿಗೆ, ಅಳಿಯಂದಿರೇ?"