ಹೆಂಗಸರ ಅಳತೆ

ಗೋಲುಕಂಬ ಒಂಬತ್ತನೆಯ ಹೆಜ್ಜೆಗೆ ಬಂದು ನಿಂತುಬಿಟ್ಟಿತು. ಅದರ ಒಂದು ಚಕ್ರ ಮಣ್ಣಿನಲ್ಲಿ ಹೂತು, ಹಠ ಹಿಡಿದ ಎಮ್ಮೆಯ ಹಾಗೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ ಎಂದಿತು.

“ಇನ್ನೊಂದು ಹೆಜ್ಜೆ ಎಳಿ,” ಎಂದ ಮೈದಾನದ ಮೇಸ್ತ್ರಿ.

ಮಿಲ್ಲಿನ ಕಾವಲುಗಾರ ಸೊಂಟ ಹಿಡಿದುಕೊಂಡು ನೆಟ್ಟಗಾದ. “ಒಂಬತ್ತಕ್ಕೂ ಹತ್ತಕ್ಕೂ ಏನು ವ್ಯತ್ಯಾಸ ಮಾರಾಯ? ಇಷ್ಟಕ್ಕೂ ಇದನ್ನ ಯಾಕೆ ಒಳಗೆ ತರ್ತಿದೀವಿ? ಇಪ್ಪತ್ತು ವರ್ಷ ಅಲ್ಲೇ ಇತ್ತು. ಯಾರನ್ನೂ ಕಚ್ಚಿರ್ಲಿಲ್ಲ.”

“ಮೊದಲು ಹೆಂಗಸರ ಫೈನಲ್ಲು. ಹೆಂಗಸರ ಅಳತೆ ಬೇರೆ.”

“ಯಾರು ಹೇಳಿದ್ದು?”

“ಹೇಳೋದೇನು, ಲೆಕ್ಕ ಹಾಕು. ವಾಲಿಬಾಲ್ ನೆಟ್ಟು ಹೆಂಗಸರಿಗೆ ಒಂದು ಗೇಣು ಕೆಳಗೆ. ಎಸೆಯೋ ಗುಂಡು ಹೆಚ್ಚುಕಮ್ಮಿ ಅರ್ಧ ತೂಕ. ಹರ್ಡಲ್ಸು ಗಿಡ್ಡ. ಕ್ರಿಕೆಟ್ಟಿಗೆ ಬೌಂಡರಿ ಹಗ್ಗಾನೇ ಒಳಗೆ ಎಳೀತೀನಿ. ಎಲ್ಲಾ ನಾನೇ ಕೈಯಾರೆ ಮಾಡೋದು. ಫುಟ್‌ಬಾಲ್ ಒಂದು ಮಾತ್ರ ಆಕಾಶದಿಂದ ಉದುರಿದ್ಯಾ?”

ಕಾವಲುಗಾರನಿಗೆ ಈ ತರ್ಕದಲ್ಲಿ ತೂತು ಕಾಣಲಿಲ್ಲ. ಇಬ್ಬರೂ ಸೇರಿ ಕಂಬವನ್ನು ಹತ್ತನೆಯ ಹೆಜ್ಜೆಗೆ ದಬ್ಬಿದರು. ಆಚೆ ಕಡೆಯದನ್ನು ಅಷ್ಟೊತ್ತಿಗಾಗಲೇ ಹತ್ತು ಹೆಜ್ಜೆ ಒಳಗೆ ತಂದಾಗಿತ್ತು. ಮೇಸ್ತ್ರಿಯ ಹೆಜ್ಜೆ ಎಂದರೆ ಸರಿಯಾಗಿ ಒಂದು ಮೀಟರು. ಮಿಲ್ಲಿನಲ್ಲಿ ಅದರ ಮೇಲೆ ಪಂತ ಕಟ್ಟಿ ಸೋತವರಿದ್ದರು. ನೂರು ಮೀಟರಿನ ಮೈದಾನ ಎಂಬತ್ತಕ್ಕೆ ಬಂತು. ಅಡ್ಡಕಂಬವನ್ನೂ ಒಂದು ಗೇಣು ಇಳಿಸುವ ಮನಸ್ಸು ಅವನಿಗಿತ್ತು. ಆದರೆ ಅದು ಬೆಸುಗೆ ಹಾಕಿದ ಕಬ್ಬಿಣ, ಬಗ್ಗಲಿಲ್ಲ.

ಮಿಲ್ಲಿನ ಹೆಂಗಸರು ಫುಟ್‌ಬಾಲ್ ತಂಡ ಕಟ್ಟಿ ಒಂದು ವರ್ಷವಾಗಿತ್ತು. ಅಭ್ಯಾಸವನ್ನೆಲ್ಲ ಮೈದಾನದ ಮೂಲೆಯಲ್ಲಿ, ಪಂದ್ಯಗಳನ್ನೆಲ್ಲ ಕಾಗದದ ಕಾರ್ಖಾನೆಯ ಮೈದಾನದಲ್ಲಿ ಆಡಿದ್ದರು. ಇಲ್ಲಿ ಇದೇ ಮೊದಲು. ಅಳತೆಯ ಬಗ್ಗೆ ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಆದರೆ ಇಪ್ಪತ್ತು ವರ್ಷ ಗೆರೆ ಹಾಕಿದವನು ಗೆರೆ ಎಲ್ಲಿ ಹಾಕಲಿ ಎಂದು ಕೇಳಿದರೆ ಮರ್ಯಾದೆ ಉಳಿಯುತ್ತದೆಯೆ?

ಅಲ್ಲದೆ ಇದು ಬರೀ ಕೆಲಸವಾಗಿರಲಿಲ್ಲ. ಮೇಸ್ತ್ರಿಯ ಹೆಂಡತಿ ಆ ತಂಡದ ರಕ್ಷಣೆಯ ಆಟಗಾರ್ತಿ, ಮಿಲ್ಲಿನಲ್ಲಿ ನೂಲು ಸುತ್ತುವ ವಿಭಾಗದವಳು. ಅವಳು ಗಂಡನೊಂದಿಗೆ ಮಾತು ಬಿಟ್ಟು ಇದು ಐದನೆಯ ದಿನ. ಪಕ್ಕದ ಮನೆಯ ನಿವೃತ್ತ ಡ್ರಿಲ್ ಮಾಸ್ತರು ಕಾಂಪೌಂಡಿನ ಆಚೆಯಿಂದ, “ಹೆಂಡ್ತಿ ಆಟ ನೋಡಿದೀಯೇನಯ್ಯಾ?” ಎಂದು ಕೇಳಿದ್ದರು. ಇವನು, “ನೋಡೋದೇನಿದೆ ಮಾಸ್ತರೇ, ಅದೂ ಗಂಡಸರ ಆಟಾನೇ, ಒಂದನೇ ನಂಬರಿಗಿಟ್ಟ ಫ್ಯಾನಿನ ಥರ,” ಎಂದಿದ್ದ. ಅಡುಗೆಮನೆಯ ಕಿಟಕಿ ತೆರೆದಿತ್ತು. ಆ ರಾತ್ರಿ ಅವಳು ಫ್ಯಾನನ್ನು ಒಂದನೆಯ ನಂಬರಿಗಿಟ್ಟು ಮಲಗಿದಳು. ಅದು ಹಾಗೆಯೇ ಇತ್ತು. ಸೆಕೆಯಲ್ಲಿ ಬೆಂದು ಬದನೆಕಾಯಿಯಾಗಿದ್ದರೂ ರೆಗ್ಯುಲೇಟರ್ ಮುಟ್ಟುವ ಧೈರ್ಯ ಅವನಿಗೆ ಬಂದಿರಲಿಲ್ಲ.

ಅದಕ್ಕೇ ಈ ಉಪಕಾರ. ಅವಳಿಗೆ ಓಡುವುದು ಇಪ್ಪತ್ತು ಮೀಟರು ಕಮ್ಮಿಯಾಗಲಿ. ಸುಸ್ತಾಗದೆ ಗೆಲ್ಲಲಿ. ಗೆದ್ದವಳು ಒಂದು ಮಾತಾದರೂ ಆಡದೆ ಇರುತ್ತಾಳೆಯೆ? ಗಂಡಸರ ಫೈನಲ್ಲು ಇರುವುದು ಮಧ್ಯಾಹ್ನ. ಊಟದ ಹೊತ್ತಿಗೆ ಕಂಬಗಳನ್ನು ಹಿಂದಕ್ಕೆ ತಳ್ಳಿದರಾಯಿತು.

ಒಂಬತ್ತಕ್ಕೆ ಕ್ಲಬ್ಬಿನ ಸೆಕ್ರೆಟರಿ ಸ್ಕೂಟರಿನಿಂದ ಇಳಿಯುವ ಮೊದಲೇ ಕೂಗಿದರು. “ಮೇಸ್ತ್ರೀ, ಆಟ ಅದಲುಬದಲು. ದೊಡ್ಡ ಸಾಹೇಬರಿಗೆ ಹನ್ನೆರಡರ ರೈಲಂತೆ. ಮುಖ್ಯವಾದ ಪಂದ್ಯ ನೋಡ್ಕೊಂಡೇ ಹೋಗ್ತೀನಿ ಅಂದ್ರು. ಗಂಡಸರದು ಈಗ. ಹೆಂಗಸರದು ಎರಡೂವರೆಗೆ.”

ಮೇಸ್ತ್ರಿ ಸುಣ್ಣದ ಡಬ್ಬ ಕೆಳಗಿಟ್ಟ. “ಸಾರ್, ಅರ್ಧ ಗಂಟೆ ಕೊಡಿ.”

“ಯಾಕೆ?”

“ಗೆರೆ…”

“ಗೆರೆ ಚೆನ್ನಾಗೇ ಇದೆಯಲ್ಲಯ್ಯಾ, ಮದುವೆ ಪತ್ರಿಕೆ ಥರ. ಸಾಹೇಬರ ಕಾರು ಗೇಟಲ್ಲಿದೆ. ಅರ್ಧ ಗಂಟೆ ಬೇಕಂತೆ ಇವನಿಗೆ.”

ರೆಫರಿ ಬಂದ. ಹಳೆಯ ಪರಿಚಯದವನು. ಅಳೆಯುವ ಮಾತೇ ಎತ್ತಲಿಲ್ಲ. ಮೇಸ್ತ್ರಿ ಹಾಕಿದ ಗೆರೆಯನ್ನು ಅಳೆಯುವುದು ಅವನ ದೃಷ್ಟಿಯಲ್ಲಿ ಪಂಚಾಂಗವನ್ನು ತಿದ್ದಿದ ಹಾಗೆ. ಸೀಟಿ ಊದಿದ.

ಮೂವತ್ತನೆಯ ಸೆಕೆಂಡಿಗೆ ಮೊದಲ ಗೋಲು ಬಿತ್ತು. ಎರಡನೆಯದನ್ನು ಎದುರಾಳಿ ಕಾಗದದ ಕಾರ್ಖಾನೆಯ ಗೋಲ್‌ಕೀಪರ್ ತನ್ನ ಗೋಲಿನಿಂದಲೇ ಒದ್ದ. ಚೆಂಡು ಒಂದು ಪುಟ ನೆಗೆದು ಈ ಕಡೆಯ ಗೋಲ್‌ಕೀಪರನ ತಲೆ ಮೇಲಿಂದ ಒಳಗೆ ಹೋಯಿತು. ಮೇಸ್ತ್ರಿಯ ಭಾವಮೈದುನ, ಎಂದರೆ ಹೆಂಡತಿಯ ತಮ್ಮ, ಮಿಲ್ಲಿನ ತಂಡದ ಮುಂಚೂಣಿ ಆಟಗಾರ. ಅವನು ನಡುಗೆರೆಯಿಂದ ಕಣ್ಣು ಮುಚ್ಚಿ ಒದ್ದದ್ದು ಬಲೆಗೆ ಬಿತ್ತು. ಅವನು ತನ್ನ ಬಲಗಾಲನ್ನು ಹೊಸದಾಗಿ ಕೊಂಡ ವಸ್ತುವಿನ ಹಾಗೆ ನೋಡಿಕೊಂಡ. ಕುಣಿಯಲಾರದವಳು ನೆಲ ಡೊಂಕು ಎನ್ನುತ್ತಾಳಂತೆ. ಚೆನ್ನಾಗಿ ಕುಣಿದವರು ನೆಲವನ್ನು ನೋಡುವುದೇ ಇಲ್ಲ. ಇಪ್ಪತ್ತೆರಡು ಜನರಲ್ಲಿ ಒಬ್ಬನೂ ಕೆಳಗೆ ನೋಡಲಿಲ್ಲ.

ಡ್ರಿಲ್ ಮಾಸ್ತರು ಸ್ಟಾಪ್‌ವಾಚ್ ಹಿಡಿದು ಮೇಸ್ತ್ರಿಯ ಪಕ್ಕದಲ್ಲೇ ಕೂತಿದ್ದರು. ಯಾರೂ ಕೇಳದಿದ್ದರೂ ಎಲ್ಲ ಪಂದ್ಯಗಳಿಗೂ ಅವರು ಸಮಯ ಬರೆದಿಡುತ್ತಿದ್ದರು. “ನೋಡಯ್ಯಾ, ನಮ್ಮ ಗೋಲಿಂದ ಅವರ ಗೋಲಿಗೆ ಚೆಂಡು ಹದಿನಾರು ಸೆಕೆಂಡಿಗೆ. ಮಿಲ್ಲು ಶುರುವಾದಾಗಿಂದ ಇಂಥ ವೇಗ ನೋಡಿಲ್ಲ ನಾನು.”

“ಗಾಳಿ ಇದೆ ಮಾಸ್ತರೇ,” ಎಂದ ಮೇಸ್ತ್ರಿ.

“ಎರಡೂ ಕಡೆಗಾ?”

ಏಳು–ಐದು. ಮಿಲ್ಲು ಗೆದ್ದಿತು. ದೊಡ್ಡ ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಭಾವಮೈದುನನ ಕೈಗೆ ಕಪ್ಪು ಕೊಟ್ಟರು, “ಇದಪ್ಪಾ ಫುಟ್‌ಬಾಲ್ ಅಂದ್ರೆ,” ಎಂದು ಹೇಳಿ ರೈಲಿಗೆ ಹೋದರು.

ಮೈದಾನ ಖಾಲಿಯಾದ ಮೇಲೆ ಮೇಸ್ತ್ರಿ ಉಸಿರು ಬಿಟ್ಟ. ಯಾರಿಗೂ ಗೊತ್ತಾಗಿಲ್ಲ. ಇನ್ನೇನು, ಗೆರೆ ಹೇಗೂ ಹೆಂಗಸರಿಗೆಂದೇ ಹಾಕಿದ್ದು. ಮುಟ್ಟುವ ಕೆಲಸವೇ ಇಲ್ಲ. ನೆರಳಿನಲ್ಲಿ ಕಾಲು ಚಾಚಿ ಕೂತ.

ಒಂದು ಗಂಟೆಗೆ ಹೆಂಗಸರ ಪಂದ್ಯದ ರೆಫರಿ ಬಂದರು. ತೆಳ್ಳನೆಯ, ಮುಖದಲ್ಲಿ ನಗುವಿಲ್ಲದ ಹೆಂಗಸು. ಚೀಲದಿಂದ ಟೇಪು ತೆಗೆದು ಅದರ ಒಂದು ತುದಿಯನ್ನು ಅವನ ಕೈಗೆ ಕೊಟ್ಟರು. “ಹಿಡ್ಕೊಂಡು ಅಲ್ಲಿ ನಿಂತ್ಕೊಳ್ಳಿ.”

ಅವನು ನಿಂತ. ಅವರು ನಡೆದರು, ಬಗ್ಗಿದರು, ಓದಿದರು, ತಿರುಗಿ ಬಂದರು.

“ಇದೇನ್ರೀ, ಎಂಬತ್ತು?”

“ಹೆಂಗಸರದಲ್ವಾ ಮೇಡಂ,” ಎಂದ ಮೇಸ್ತ್ರಿ. ನೆಟ್ಟು, ಗುಂಡು, ಹರ್ಡಲ್ಸು, ಹಗ್ಗ ಎಲ್ಲವನ್ನೂ ಒಂದೊಂದಾಗಿ ಒಪ್ಪಿಸಿದ. ಅವರು ಪೂರ್ತಿ ಕೇಳಿಸಿಕೊಂಡರು.

“ಅವೆಲ್ಲ ಸರಿ. ಫುಟ್‌ಬಾಲಲ್ಲಿ ಇಲ್ಲ. ಅದೇ ಉದ್ದ, ಅದೇ ಗೋಲು, ಅದೇ ಚೆಂಡು, ಅದೇ ತೊಂಬತ್ತು ನಿಮಿಷ. ಬೆಳಿಗ್ಗೆ ಗಂಡಸರು ಎಲ್ಲಿ ಆಡಿದ್ರು?”

“ಇಲ್ಲೇ… ಪೂರ್ತಿ ಮೈದಾನದಲ್ಲಿ. ಆಮೇಲೆ ನಿಮಗೆ ಅಂತ ಎಳೆದೆ.”

“ಹಂಗಾದ್ರೆ ಎಳೆದ ಹಂಗೇ ಹಿಂದಕ್ಕೆ ತಳ್ಳಿ. ಎರಡೂವರೆಯೊಳಗೆ.”

ಕಾವಲುಗಾರನಿಗೆ ಊಟದ ಹೊತ್ತು. ಮೇಸ್ತ್ರಿ ಒಬ್ಬನೇ ಎರಡು ಕಂಬಗಳನ್ನೂ ಬಿಸಿಲಿನಲ್ಲಿ ದಬ್ಬಿದ. ಹಳೆಯ ಗೆರೆ ಅಳಿಸಿ ಹೊಸದು ಎಳೆಯುವಷ್ಟರಲ್ಲಿ ಮುಖ, ಮೀಸೆ, ಅಂಗಿ ಎಲ್ಲ ಬೆಳ್ಳಗಾಗಿ, ಬಣ್ಣ ಹೊಡೆಯದೆ ಬಿಟ್ಟ ಗೊಂಬೆಯಂತಾಗಿದ್ದ.

ಎರಡೂವರೆಗೆ ಆಟ ಶುರುವಾಯಿತು. ಬೆಳಗಿನ ಜನದಲ್ಲಿ ಅರ್ಧದಷ್ಟು ಉಳಿದಿದ್ದರು. ಭಾವಮೈದುನ ಕಪ್ಪನ್ನು ತೊಡೆಯ ಮೇಲೆ ಮಗುವಿನ ಹಾಗೆ ಕೂರಿಸಿಕೊಂಡು ಮುಂದಿನ ಸಾಲಿನಲ್ಲಿದ್ದ.

“ಹತ್ತೊಂಬತ್ತು ಸೆಕೆಂಡು,” ಎಂದರು ಮಾಸ್ತರು ಗಡಿಯಾರ ನೋಡಿ. “ಈ ಗೋಲಿಂದ ಆ ಗೋಲಿಗೆ. ಮೂರು ಸೆಕೆಂಡು ಜಾಸ್ತಿ.”

“ಅಕ್ಕಂದಿರು ಪಾಪ ಕಷ್ಟಪಡ್ತಿದಾರೆ ಮಾಸ್ತರೇ,” ಎಂದ ಭಾವಮೈದುನ. “ಆದ್ರೆ ಬೆಳಗಿಂದು ನೋಡಿದ ಮೇಲೆ ಇದು ನೋಡೋಕಾಗುತ್ತಾ? ಅಲ್ವಾ ಭಾವ?”

ಮೇಸ್ತ್ರಿಯ ಕಣ್ಣು ಮೈದಾನದಲ್ಲಿತ್ತು. ಅವನು ಹೆಂಡತಿಯನ್ನು ನೋಡುತ್ತಿದ್ದ. ಅವಳು ಆಡುವುದನ್ನು ನೋಡುತ್ತಿರುವುದು ಇದೇ ಮೊದಲು. ಅವಳು ಸುಮ್ಮನೆ ಓಡುತ್ತಿರಲಿಲ್ಲ. ಚೆಂಡು ಬರುವ ಜಾಗಕ್ಕೆ ಮೊದಲೇ ಹೋಗಿ, ಬಸ್ಸಿಗೆ ಕಾಯುವವಳ ಹಾಗೆ ನಿಂತಿರುತ್ತಿದ್ದಳು. ಆ ಕಡೆಯ ಹುಡುಗಿ ಚೆಂಡಿನ ಜೊತೆ ನುಗ್ಗಿ ಬಂದರೆ, ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವಂತೆ ತೆಗೆದುಕೊಂಡು ಮುಂದಕ್ಕೆ ಕಳಿಸುತ್ತಿದ್ದಳು. ಮನೆಯಲ್ಲಿ ಹದಿಮೂರು ವರ್ಷ ಜೊತೆಗಿದ್ದವಳಿಗೆ ಇಷ್ಟು ದೂರ ಕಾಣುತ್ತದೆ ಎಂದು ಅವನಿಗೆ ತಿಳಿದಿರಲಿಲ್ಲ.

ಮೊದಲರ್ಧ ಮುಗಿದರೂ ಗೋಲಿಲ್ಲ. ಎರಡನೆಯ ಅರ್ಧದಲ್ಲಿ ಅವನು ತನಗೇ ಗೊತ್ತಿಲ್ಲದೆ ಎದ್ದು ನಿಂತಿದ್ದ. ಎಪ್ಪತ್ತನೆಯ ನಿಮಿಷಕ್ಕೆ ಗೆರೆಯ ಪಕ್ಕದಲ್ಲಿ ಓಡುತ್ತಿದ್ದ. “ಎಡಗಡೆ ನೋಡೇ, ಎಡಗಡೆ,” ಎಂದು ಕೂಗಿ ಕೂಗಿ ಗಂಟಲು ಹರಿಯಿತು. ಎಂಬತ್ತೆಂಟನೆಯ ನಿಮಿಷದಲ್ಲಿ ಮೂಲೆಯಿಂದ ಬಂದ ಚೆಂಡಿಗೆ ಅವಳು ತಲೆ ಕೊಟ್ಟಳು. ಬಲೆ ಅಲುಗಿತು. ಒಂದು–ಸೊನ್ನೆ.

ಪಂದ್ಯ ಮುಗಿದ ಮೇಲೆ ಅವಳು ನೀರಿನ ಕೊಡದ ಹತ್ತಿರ ಬಂದಳು. ಅವನು ಲೋಟ ತುಂಬಿಸಿ ಕೊಟ್ಟ. ಕುಡಿದಳು. ಇನ್ನೊಂದು ಕುಡಿದಳು.

“ಗಂಟಲಿಗೇನಾಯ್ತು?” ಎಂದಳು.

ಐದು ದಿನಗಳ ನಂತರದ ಮೊದಲ ಮಾತು. “ಕೂಗ್ದೆ,” ಎಂದು ಪಿಸುಗುಟ್ಟಿದ.

“ಯಾರಿಗೆ?”

“ಇನ್ಯಾರಿಗೆ.”

ಅವಳು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡಳು. ಟವೆಲ್ಲಿನ ಹಿಂದೆ ನಗು ಇದ್ದಿರಬಹುದು. ಇಲ್ಲಿಗೆ ನಿಲ್ಲಿಸಿದ್ದರೆ ಮೇಸ್ತ್ರಿಯ ಬದುಕು ಸರಿಹೋಗುತ್ತಿತ್ತು.

ಅಷ್ಟರಲ್ಲಿ ಭಾವಮೈದುನ ಕಪ್ಪು ಎತ್ತಿಕೊಂಡು ಬಂದ. ಹಿಂದೆ ಮಾಸ್ತರು, ಸೆಕ್ರೆಟರಿ.

“ಚೆನ್ನಾಗಿತ್ತಕ್ಕಾ,” ಎಂದ ತಮ್ಮ. “ಒಂದೇ ಗೋಲು, ಪರವಾಗಿಲ್ಲ. ಸ್ವಲ್ಪ ನಿಧಾನ ಅಷ್ಟೇ. ಮಾಸ್ತರು ಲೆಕ್ಕ ಇಟ್ಟಿದಾರೆ, ನಾನು ಹೇಳಿದ್ದಲ್ಲ.”

“ಮೂರು ಸೆಕೆಂಡು ಹಿಂದಮ್ಮಾ,” ಎಂದರು ಮಾಸ್ತರು ದುಃಖದಿಂದ. “ಗಡಿಯಾರ ಸುಳ್ಳು ಹೇಳಲ್ಲ.”

ಅವಳು ಟವೆಲ್ಲು ಕೆಳಗಿಳಿಸಿದಳು. ಮುಖದಲ್ಲಿ ಈಗ ಏನೂ ಇರಲಿಲ್ಲ. ಅದನ್ನು ನೋಡಿ ಮೇಸ್ತ್ರಿಗೆ ತಡೆಯಲಾಗಲಿಲ್ಲ.

“ಗಡಿಯಾರ ಸುಳ್ಳು ಹೇಳಲ್ಲ ಮಾಸ್ತರೇ, ಮೈದಾನ ಹೇಳ್ತು,” ಎಂದ, ಇದ್ದ ಗಂಟಲನ್ನೆಲ್ಲ ಒಟ್ಟು ಮಾಡಿ. “ಬೆಳಿಗ್ಗೆ ಇವರು ಆಡಿದ್ದು ಎಂಬತ್ತು ಮೀಟರಲ್ಲಿ. ಇವಳು ಆಡಿದ್ದು ನೂರರಲ್ಲಿ. ಈಗ ಹಾಕಿ ಲೆಕ್ಕ.”

ಮಾಸ್ತರು ಅಂಗೈಯಲ್ಲಿ ಪೆನ್ನಿನಿಂದ ಭಾಗಿಸಿದರು. ಇನ್ನೊಂದು ಸಲ ಭಾಗಿಸಿದರು. “ಗಂಡಸರು ಸೆಕೆಂಡಿಗೆ ಐದು ಮೀಟರು. ಇವರು ಐದೂಕಾಲು,” ಎಂದರು. “ಇವರದ್ದೇ ಜಾಸ್ತಿ.”

ನೂಲು ಸುತ್ತುವ ವಿಭಾಗದ ಹೆಂಗಸರು ಓ ಎಂದು ಕೂಗಿದರು. ಯಾರೋ ಮೇಸ್ತ್ರಿಯ ಬೆನ್ನು ತಟ್ಟಿದರು, ಸುಣ್ಣ ಹಾರಿತು. ಭಾವಮೈದುನ ಕಪ್ಪನ್ನು ಮೆಲ್ಲನೆ ಕೊಡದ ಪಕ್ಕಕ್ಕಿಟ್ಟು, ತನ್ನ ಬಲಗಾಲನ್ನು ಅನುಮಾನದಿಂದ ನೋಡಿದ.

“ಹಂಗಾದ್ರೆ ಬೆಳಗಿನ ಪಂದ್ಯ ರದ್ದಾಗುತ್ತಲ್ಲಯ್ಯಾ,” ಎಂದರು ಸೆಕ್ರೆಟರಿ. “ಸಾಹೇಬರು ಕಪ್ಪು ಕೊಟ್ಟು ಹೋಗಿದಾರೆ. ನಾಳೆ ಆಫೀಸಿಗೆ ಬಾ, ನಿನ್ನ ವಿಚಾರಿಸ್ಕೋತೀನಿ.”

“ಬರ್ತೀನಿ ಸಾರ್,” ಎಂದ ಮೇಸ್ತ್ರಿ. ನಾಳೆ ಕೆಲಸವೇ ಹೋದರೂ ಇವತ್ತು ಮನೆಯಲ್ಲಿ ಮಾತಿರುತ್ತದೆ. ಅವನು ಹೆಂಡತಿಯ ಕಡೆ ತಿರುಗಿದ.

ಅವಳು ಅವನನ್ನಲ್ಲ, ಮೈದಾನವನ್ನು ನೋಡುತ್ತಿದ್ದಳು.

“ಗೆರೆ ಎಷ್ಟೊತ್ತಿಗೆ ಹಾಕಿದ್ರಿ?”

“ಬೆಳಿಗ್ಗೆ ಆರಕ್ಕೆ.”

“ಆಟ ಅದಲುಬದಲಾಗಿದ್ದು?”

“ಒಂಬತ್ತಕ್ಕೆ…”

“ಆರು ಗಂಟೆಗೆ ಇನ್ನೂ ಮೊದಲ ಆಟ ನಮ್ಮದು ಅಂತಾನೇ ಇತ್ತು,” ಎಂದಳು ಅವಳು. “ಆ ಎಂಬತ್ತು ಯಾರಿಗೆ ಅಂತ ಹಾಕಿದ್ದು?”

ಕೂಗುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಮೇಸ್ತ್ರಿಯ ಕಡೆ ತಿರುಗಿದರು. ಮಾಸ್ತರು ಸ್ಟಾಪ್‌ವಾಚನ್ನು ಜೇಬಿಗೆ ಹಾಕಿಕೊಂಡರು. ಮೇಸ್ತ್ರಿ ಸಾಕ್ಷಿಗಾಗಿ ಕಾವಲುಗಾರನ ಕಡೆ ನೋಡಿದ. ಅವನು ಗೇಟಿನ ಕಡೆ ಹೊರಟಿದ್ದ.

“ನಿನಗೆ ಸುಸ್ತಾಗ್ದೆ ಇರ್ಲಿ ಅಂತ…” ಎಂದ ಮೇಸ್ತ್ರಿ.

ಅವಳು ಬೂಟಿನ ದಾರ ಬಿಚ್ಚತೊಡಗಿದಳು.

“ಆಯ್ತು, ತಪ್ಪಾಯ್ತು,” ಎಂದು ಅವನು ಅವಳ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತ. “ಇನ್ಮೇಲೆ ಹಂಗೆ ಮಾಡಲ್ಲ. ಕೇಳು, ಮುಂದಿನ ಸಲ ನಿಮಗೆ ಗಂಡಸರಿಗಿಂತ ಉದ್ದಾನೇ ಹಾಕ್ಕೊಡ್ತೀನಿ. ಕಂಬ ಗೋಡೆಗೆ ತಾಗೋವರೆಗೂ ತಳ್ತೀನಿ.”

“ಬೇಡ,” ಎಂದಳು. “ಗಂಡಸರಿಗೆ ಹಾಕಿದಷ್ಟೇ ನಮಗೂ ಹಾಕಿ, ಸಾಕು.”