ಮನಸ್ಸು ನೋಡುವ ಪೇಟ

ಹಾಲಿನ ಡೇರಿಯ ಕಾರ್ಯದರ್ಶಿ ಮೊಗಣ್ಣ ಶಾಲೆಯ ಮೇಜಿನ ಮೇಲೆ ತಾನೇ ತಯಾರಿಸಿದ ಪೇಟವೊಂದನ್ನು ಇಟ್ಟು, ಮದುಮಗನ ಅಪ್ಪನಂತೆ ಎದೆಯುಬ್ಬಿಸಿ ನಿಂತ. ಮಡಿಕೆಗಳ ಒಳಗೆಲ್ಲ ತಂತಿ, ತುರಾಯಿಯ ಜಾಗದಲ್ಲಿ ಬಲ್ಬು. ಮಕ್ಕಳ ತಲೆಗಿಟ್ಟರೆ ಮನಸ್ಸು ಹೇಗಿದೆಯೆಂದು ತಿಳಿಯುತ್ತದಂತೆ: ನೆಮ್ಮದಿಗೆ ಹಸಿರು, ಕಳವಳಕ್ಕೆ ಕೆಂಪು, ಕೈಮೀರಿದ್ದರೆ ಸೈರನ್ನು.

ಗಂಗಲಕ್ಷ್ಮಿ ಟೀಚರಿಗೆ ಕೆಂಪದೇವಿಯದೇ ಚಿಂತೆ. ಅರಳು ಹುರಿದಂತೆ ಮಾತಾಡುತ್ತಿದ್ದ ಹುಡುಗಿ ತಿಂಗಳಿಂದ ತುಟಿ ಬಿಚ್ಚಿರಲಿಲ್ಲ; ಏನು ಕೇಳಿದರೂ ನೆಲ ನೋಡುತ್ತಿದ್ದಳು. ಮೂಕಿಯಂತೆ ಕೂರುವುದಾದರೆ ಮನೆಯಲ್ಲೇ ಕೂರಲಿ, ಇವತ್ತೇ ಬಂದು ಶಾಲೆ ಬಿಡಿಸುತ್ತೇನೆ ಎಂದು ಅವಳಪ್ಪ ಬೋರಯ್ಯ ಹೇಳಿಕಳಿಸಿದ್ದ.

ಮೊದಲ ಮಗುವಿಗೆ ಕೆಂಪು. ಎರಡನೆಯದಕ್ಕೂ ಕೆಂಪು. ನಗುನಗುತ್ತ ಬಂದವರಿಗೂ ಕೆಂಪು! ಹೆಡ್‌ಮಾಸ್ಟರು ತಾವೂ ಇಟ್ಟುಕೊಂಡು ನೋಡಿ, ಬೆವರೊರೆಸಿಕೊಳ್ಳುತ್ತ ರಜೆಯ ಮಾತೆತ್ತಿದರು. ಹಸಿರು ಹತ್ತಿದ್ದು ಹುಣಸೆಹಣ್ಣು ಜಗಿಯುತ್ತ ಬಂದ ಒಬ್ಬ ಪೋರನಿಗೆ ಮಾತ್ರ.

ಟೀಚರಿಗೆ ಅನುಮಾನ ಬಂತು. “ಮೊಗಣ್ಣ, ನೆಮ್ಮದಿ ಅಂದ್ರೆ ಇಷ್ಟು ಅಂತ ಅಳತೆ ಎಲ್ಲಿಂದ ತಗೊಂಡೆ?”

“ನಮ್ಮನೆ ಎಮ್ಮೆಯಿಂದ ಮೇಡಂ. ಮೆಲುಕು ಹಾಕ್ತಾ ಮಲಗಿತ್ತು, ತಲೆಗಿಟ್ಟು ಸೆಟ್ ಮಾಡ್ದೆ. ಅದಕ್ಕಿಂತ ನೆಮ್ಮದಿಯಾಗಿರೋರು ಈ ಊರಲ್ಲಿ ಯಾರವ್ರೆ, ನೀವೇ ಹೇಳಿ.”

ಟೀಚರು ಹುಣಸೆಹಣ್ಣಿನ ಪೋರನತ್ತ ತಿರುಗಿ ನೋಡಿದರು; ಅವನ ದವಡೆಯೂ ಎಮ್ಮೆಯದರಂತೆಯೇ ಆಡುತ್ತಿತ್ತು.

ಶಾಲೆಗೆ ಶಾಲೆಯೇ ಕೆಂಪಾದರೆ ಮೇಲಿನವರಿಗೆ ಏನು ಹೇಳುವುದೆಂದು ಹೆದರಿದ ಹೆಡ್‌ಮಾಸ್ಟರು ಎಲ್ಲರಿಗೂ ಹುಣಸೆಹಣ್ಣು ಹಂಚಿಸಿದರು. ಮರದ ನೆರಳಲ್ಲಿ ಇಡೀ ಶಾಲೆ ದವಡೆಯಾಡಿಸುತ್ತ ಕೂತಿತು. ಪೇಟ ತೊಟ್ಟ ಕೆಂಪದೇವಿಯೂ ಜಗಿದಳು, ಹಸಿರು. ಪಕ್ಕದಲ್ಲಿ ಟೀಚರೂ, ಏನನ್ನೂ ಕೇಳದೆ, ಜಗಿಯುತ್ತ ಕೂತರು. ಬಹಳ ಹೊತ್ತಾದ ಮೇಲೆ ಹುಡುಗಿ ಬೀಜ ಉಗಿದು ಮೆಲ್ಲಗೆ ಅಂದಳು:

“ತಮ್ಮ ಹುಟ್ಟಿದಾಗಿಂದ ನಾನು ಬಾಯ್ಬಿಟ್ರೆ ಸಾಕು, ಕೂಸು ಏಳ್ತದೆ ಸುಮ್ಕಿರು ಅಂತಾರೆ. ಬಾಯಿಗೆ ಹೊಲಿಗೆ ಹಾಕ್ತೀನಿ ಅಂದ ಅಪ್ಪ. ಅದಕ್ಕೇ ಎಲ್ಲೂ ಮಾತಾಡೋದೇ ಬ್ಯಾಡ ಅಂತ ಬಿಟ್ಬಿಟ್ಟೆ.”

ಆಮೇಲೆ ಕಟ್ಟೆ ಒಡೆಯಿತು. ಕೂಸಿನ ಬೊಕ್ಕಬಾಯಿ, ಅಜ್ಜಿಯ ಗೊರಕೆ, ಬೆಕ್ಕಿನ ಮರಿಗಳು, ಎಲ್ಲವೂ ತಿಂಗಳ ಬಾಕಿ ಸಮೇತ ಹೊರಬಂದವು. ಎಮ್ಮೆ ಯಾವತ್ತಾದರೂ ಇಷ್ಟು ಮಾತಾಡಿದ್ದುಂಟೆ? ಬಲ್ಬು ಕೆಂಪಾಯಿತು, ಸೈರನ್ನು ಊರು ಕೇಳುವಂತೆ ಕೂಗತೊಡಗಿತು.

“ಕೇಸು ಕೈಮೀರ್ತು ಮೇಡಂ!” ಮೊಗಣ್ಣ ತಲೆಯ ಮೇಲೆ ಕೈಹೊತ್ತ.

ಮಗಳನ್ನು ಕರೆದೊಯ್ಯಲು ಬಂದ ಬೋರಯ್ಯ ಗೇಟಿನಲ್ಲೇ ನಿಂತುಬಿಟ್ಟ. ಕೆಂಪದೇವಿ ಸೈರನ್ನಿಗಿಂತ ಜೋರಾಗಿ ಅವನಿಗೂ ಎಲ್ಲ ಹೇಳಿದಳು, ಹೊಲಿಗೆಯ ಮಾತೂ ಸೇರಿ. ಅವನು ತಲೆತಗ್ಗಿಸಿ ಕೇಳಿದ. ಪೇಟ ತೆಗೆದು ಅವಳ ನೆತ್ತಿ ಸವರಿದ. ದಿನಾ ಸಂಜೆ ತನ್ನ ಜೊತೆ ಹೊಲಕ್ಕೆ ಬಂದರೆ ಅಲ್ಲಿ ಎಷ್ಟು ಬೇಕಾದರೂ ಮಾತಾಡಬಹುದೆಂದ.

ಆಮೇಲೆ ಟೀಚರ ಕಡೆ ತಿರುಗಿದ.

“ಸ್ಕೂಲಿಗೇ ಬರ್ಲಿ ಬುಡಿ ಟೀಚರ್. ಇವಳು ಮನೇಲಿದ್ರೆ ಕೂಸು ಮಲಗೋದಾದ್ರೂ ಯಾವಾಗ?”